ಫಿಟ್ಟರ್ ಕಾಕಾನ ನೆನಪಿಗೆ ಏನು ಮಾಡೋಣ? ಕಪ್ಪಾ, ಸ್ಟಿಕ್ಕಾ?

ರೈಟ್‌ಔಟ್_ಹುಬ್ಳಿ · ಶನಿವಾರ, ರಾತ್ರಿ 9:12

ಹೋದ ತಿಂಗಳು ಫಿಟ್ಟರ್ ಕಾಕಾ ತೀರಿಕೊಂಡರು. ಪೇಪರಿನಲ್ಲಿ ನಾಲ್ಕು ಸಾಲು ಬಂತು. 'ನಿವೃತ್ತ ರೈಲ್ವೆ ನೌಕರ' ಅಂತ ಇತ್ತು, ಅಷ್ಟೇ. ಹಾಕಿ ಅನ್ನುವ ಪದ ಎಲ್ಲೂ ಇಲ್ಲ. ಓದಿ ಮನಸ್ಸಿಗೆ ಒಂಥರಾ ಆಯಿತು.

ಗೊತ್ತಿಲ್ಲದವರಿಗೆ: ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಸಂಜೆ ಪಾಳಿ ಮುಗಿದ ಭೋಂಗಾ (ಸೈರನ್) ಆದ ಮೇಲೆ ಮನೆಗೂ ಹೋಗದೆ, ಅದೇ ಎಣ್ಣೆ ಕಲೆಯ ನೀಲಿ ಅಂಗಿಯಲ್ಲಿ ಸೈಕಲ್ ತಳ್ಳಿಕೊಂಡು ಮೈದಾನಕ್ಕೆ ಬರುತ್ತಿದ್ದರು. ಕ್ಯಾರಿಯರ್ ಮೇಲೆ ಗೋಣಿಚೀಲ, ಚೀಲದಲ್ಲಿ ಸ್ಟಿಕ್. ಸುಮಾರು ಇಪ್ಪತ್ತೈದು ವರ್ಷ ಹೀಗೇ ಮಕ್ಕಳಿಗೆ ಹಾಕಿ ಕಲಿಸಿದರು. ಒಂದು ಪೈಸೆ ಸಂಬಳ ಇಲ್ಲ. ಕೋಚ್ ಅನ್ನುವ ಸರ್ಟಿಫಿಕೇಟೂ ಇಲ್ಲ.

ಈಗ ನಾವು ಏಳೆಂಟು ಜನ ಹಳಬರು ಸೇರಿ ಅವರ ಹೆಸರಿನಲ್ಲಿ ಏನಾದರೂ ಮಾಡೋಣ ಅಂತ ಮಾತಾಡಿಕೊಂಡಿದ್ದೇವೆ. ಕೆಲವರು ರೋಲಿಂಗ್ ಕಪ್ ಅನ್ನುತ್ತಾರೆ. ನನಗೆ ಕಪ್ ಮೇಲೆ ಅಷ್ಟು ಮನಸ್ಸಿಲ್ಲ. ನಿಮ್ಮ ಅಭಿಪ್ರಾಯ ಹೇಳಿ. ಯಾರ ಹತ್ತಿರವಾದರೂ ಅವರ ಫೋಟೊ ಇದ್ದರೆ ದಯವಿಟ್ಟು ಹಾಕಿ.

ಗೋಲಿ_ನಂಬರ್1 · 9:20

ಅಯ್ಯೋ. ನನಗೆ ಈಗಷ್ಟೇ ಗೊತ್ತಾಯಿತು. ಪುಣೆಯಲ್ಲಿದ್ದೇನೆ.

ಗೋಲ್‌ಕೀಪರ್ ಆಗಿ ನನ್ನ ಮೊದಲ ಕಾಲು ಪ್ಯಾಡ್ ಹೊಲಿದಿದ್ದು ಅವರ ಮನೆಯಲ್ಲಿ. ಹಳೇ ಗಾದಿಯ ಹತ್ತಿ, ಮೇಲೆ ದಪ್ಪ ಕ್ಯಾನ್ವಾಸ್, ಒಳಗೆ ಬಿದಿರಿನ ಪಟ್ಟಿ. ಮಳೆಯಲ್ಲಿ ನೆಂದರೆ ಒಂದೊಂದು ಕಾಲು ಐದು ಕೇಜಿ ಆಗುತ್ತಿತ್ತು. "ಭಾರ ಆತು ಕಾಕಾ" ಅಂದರೆ, "ಚಲೋ ಆತಲ್ಲ, ಬಾಲ್ ತಾನಾ ಹೊಳ್ಳಿ ಹೋಗ್ತದ" ಅನ್ನುತ್ತಿದ್ದರು.

ಲೆಕ್ಕದ_ಮೇಷ್ಟ್ರು · 9:31

ಕಪ್ ಬೇಡ ಅಂತ ಯಾಕೆ? ಕಪ್ ಇದ್ದರೆ ಪ್ರತಿ ವರ್ಷ ಹೆಸರು ಓಡುತ್ತದೆ. ಮಕ್ಕಳು ಬರುತ್ತಾರೆ, ಪೇಪರಿನವರು ಬರುತ್ತಾರೆ. ಕಪ್ ಇಲ್ಲದೆ ಯಾರು ಬರುತ್ತಾರೆ ಹೇಳಿ.

ರೈಟ್‌ಔಟ್_ಹುಬ್ಳಿ · 9:35

ಮೇಷ್ಟ್ರೇ, ಮೊದಲ ವರ್ಷ ಬರುತ್ತಾರೆ. ಮೂರನೇ ವರ್ಷ ಸ್ಪಾನ್ಸರ್ ಸಿಗುವುದಿಲ್ಲ. ಐದನೇ ವರ್ಷ ಕಪ್ ಯಾರ ಮನೆಯ ಕಪಾಟಿನಲ್ಲಿದೆ ಅಂತ ಹುಡುಕಬೇಕು. ನಮ್ಮೂರಲ್ಲೇ ಅಂಥ ಎಷ್ಟು ಕಪ್ ಇವೆ, ಎಣಿಸಿ ನೋಡಿ.

ಕೊಡಗಿನ_ಕಾಫಿ · 9:48

ನಾನು ಹುಬ್ಬಳ್ಳಿಯವನಲ್ಲ, ಆದರೂ ಮಧ್ಯೆ ಬಾಯಿ ಹಾಕುತ್ತೇನೆ. ಕಪ್ ನಡೆಯುವುದಿಲ್ಲ ಅನ್ನಬೇಡಿ. ನಮ್ಮಲ್ಲಿ ಕೌಟುಂಬಿಕ ಹಾಕಿ ಶುರುವಾಗಿದ್ದು 1997ರಲ್ಲಿ, ಕರಡ ಗ್ರಾಮದಲ್ಲಿ, 60 ತಂಡದೊಂದಿಗೆ. ಪಾಂಡಂಡ ಕುಟ್ಟಪ್ಪ ಅನ್ನುವವರು ತಮ್ಮ ಮನೆತನದವರನ್ನು ಕಟ್ಟಿಕೊಂಡು ಶುರು ಮಾಡಿದರು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ ನಡೆದಾಗ 360 ತಂಡ. ಗಿನ್ನೆಸ್ ದಾಖಲೆ ಆಯಿತು. ಅಜ್ಜಿ, ಸೊಸೆ, ಮೊಮ್ಮಗ ಎಲ್ಲ ಒಂದೇ ತಂಡದಲ್ಲಿ ಆಡುತ್ತಾರೆ.

ಸೆಂಟರ್_ಹಾಫ್ · 9:55

ಅಣ್ಣಾ, ನಿಮ್ಮಲ್ಲಿ ಪ್ರತಿ ವರ್ಷ ಒಂದು ಮನೆತನ ಜವಾಬ್ದಾರಿ ಹೊರುತ್ತದೆ. ಮರ್ಯಾದೆ ಪ್ರಶ್ನೆ ಅದು. ನಮ್ಮದು ರೈಲ್ವೆ ಕಾಲೊನಿ. ಅಪ್ಪನಿಗೆ ಟ್ರಾನ್ಸ್‌ಫರ್ ಆದರೆ ಲೆಫ್ಟ್ ಹಾಫೇ ಖಾಲಿ. ಮನೆತನ ಎಲ್ಲಿಂದ ತರೋಣ?

ಕೊಡಗಿನ_ಕಾಫಿ · 9:57

ಅದು ಸರಿ ಬಿಡಿ. ಒಪ್ಪಿದೆ.

ಗದಗ_ಗಾಳಿ · 10:04

ಹಾಕಿ ಅಂದ ಕೂಡಲೇ ಕೊಡಗು ಬರುತ್ತದೆ, ಬರಲಿ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಸೋಮಯ್ಯ, ಅರ್ಜುನ್ ಹಾಲಪ್ಪ, ರಘುನಾಥ್, ಸುನಿಲ್. ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಗದಗ-ಬೆಟಗೇರಿ ಮತ್ತು ಹುಬ್ಬಳ್ಳಿಯ ಸೆಟ್ಲಮೆಂಟಿನ (ಬ್ರಿಟಿಷರ ಕಾಲದ ವಸತಿ) ಹುಡುಗರು ಬರಿಗಾಲಲ್ಲಿ ಆಡಿ ಬೆಳೆಸಿದ ಹಾಕಿ ಬಗ್ಗೆ ಯಾರು ಬರೆಯುತ್ತಾರೆ? ಕಾಕಾನಿಗೂ ಆಟದ ಹುಚ್ಚು ಹಿಡಿದಿದ್ದು ಅಲ್ಲಿನ ಮ್ಯಾಚ್ ನೋಡಿ. ಅವರೇ ನನಗೆ ಹೇಳಿದ್ದು.

ಎಡಚ · 10:16

ನಾನು ಎಡಗೈಯವನು. ಹಾಕಿಯಲ್ಲಿ ಎಡಗೈಯವರಿಗೆ ಬೇರೆ ಸ್ಟಿಕ್ ಇಲ್ಲ ಅಂತ ಎಷ್ಟು ಜನಕ್ಕೆ ಗೊತ್ತು? ಕ್ರಿಕೆಟ್‌ನಲ್ಲಿ ಆಚೆ ನಿಂತು ಬ್ಯಾಟ್ ಮಾಡಬಹುದು. ಇಲ್ಲಿ ಎಲ್ಲರಿಗೂ ಒಂದೇ ನಮೂನೆ, ಎಡಬದಿ ಚಪ್ಪಟೆ, ಬಲಬದಿ ಉಬ್ಬು. ಚಪ್ಪಟೆ ಬದಿಯಲ್ಲಿ ಮಾತ್ರ ಆಡಬೇಕು.

ಶಾಲೆಯಲ್ಲಿ ಪಿಟಿ ಮಾಸ್ತರು "ನಿನ್ನ ಕೈಲಿ ಆಗುವುದಿಲ್ಲ" ಅಂತ ಕೂರಿಸಿದ್ದರು. ಕಾಕಾ ನನ್ನ ಎಡಗೈ ಹಿಡಿದು ಸ್ಟಿಕ್‌ನ ತುದಿಯಲ್ಲಿ ಇಟ್ಟರು. ಬಲಗೈ ಕೆಳಗೆ, ಸಡಿಲವಾಗಿ. ಆಮೇಲೆ ಹೇಳಿದರು: "ಸ್ಟಿಕ್ ಹೊಳ್ಳಿಸೂದು ಮ್ಯಾಲಿನ ಕೈ. ಉಳಿದವರದು ಎಡಗೈ ಹೆಡ್ಡ, ನಿಂದು ಶಾಣ್ಯಾ. ನಿನಗ ಏನ್ ಕಡಿಮಿ?" ಒಂದೇ ತಿಂಗಳಲ್ಲಿ ನನ್ನ ರಿವರ್ಸ್ (ಸ್ಟಿಕ್ ತಿರುಗಿಸಿ ಆಡುವುದು) ಎಲ್ಲರಿಗಿಂತ ಚೆನ್ನಾಗಿ ಆಯಿತು.

ಇವರನ್ನು ಕೋಚ್ ಅಲ್ಲ ಅನ್ನುವವರಿಗೆ ಇಷ್ಟು ಸಾಕಲ್ವಾ?

ಸುಮ್ನೆ_ನೋಡ್ತೀನಿ · 10:22

ಎಲ್ಲರೂ ದೇವರು ಮಾಡುತ್ತಿದ್ದೀರಿ. ನಾನು ಒಂದು ಮಾತು ಹೇಳಲಾ? ಬೈಯುತ್ತಿದ್ದರು. ಜಾಸ್ತಿ ಬೈಯುತ್ತಿದ್ದರು. ಲೇಟ್ ಬಂದರೆ ಮೀನಖಂಡಕ್ಕೆ ಸ್ಟಿಕ್‌ನಿಂದ ಒಂದು ಬೀಳುತ್ತಿತ್ತು. ನನ್ನ ತಮ್ಮ ಒಂದು ವಾರ ಬಂದು ಬಿಟ್ಟ. ಮತ್ತೆ ಹಾಕಿ ಮುಟ್ಟಲಿಲ್ಲ.

ಸೆಂಟರ್_ಹಾಫ್ · 10:25

ಆ ಕಾಲದಲ್ಲಿ ಎಲ್ಲರೂ ಹೊಡೆಯುತ್ತಿದ್ದರು ಬಿಡಿ.

ಸುಮ್ನೆ_ನೋಡ್ತೀನಿ · 10:27

ಎಲ್ಲರೂ ಹೊಡೆಯುತ್ತಿದ್ದರು ಅಂದರೆ ಸರಿ ಅಂತ ಆಯ್ತಾ?

ಎಡಚ · 10:34

ಸರಿ ಅಲ್ಲ. ನನಗೂ ಬಿದ್ದಿದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಕೊನೆಯ ವರ್ಷಗಳಲ್ಲಿ ಬಿಟ್ಟಿದ್ದರು. ಒಬ್ಬ ಹುಡುಗ ಎರಡು ಪಾಳಿ ಪೇಪರ್ ಹಾಕಿ ಬರುವುದಕ್ಕೆ ಲೇಟ್ ಆಗುತ್ತಿದ್ದ. ಅವನಿಗೆ ಹೊಡೆದ ಮೇಲೆ ವಿಷಯ ಗೊತ್ತಾಯಿತು. ಮರುದಿನ ಎಲ್ಲರ ಮುಂದೆ "ತಪ್ಪಾತಪಾ" ಅಂದರು. ಆಮೇಲೆ ನಾನು ಅವರು ಕೈ ಎತ್ತಿದ್ದು ನೋಡಿಲ್ಲ.

ಮೀಟರ್‌ಗೇಜ್ · 10:41

ನಾನು 1989ರ ಬ್ಯಾಚ್. ಕಾಕಾ ನಮ್ಮನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ನೈರುತ್ಯ ರೈಲ್ವೆಯವರು ಆಟಗಾರರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಕೊಡುತ್ತಿದ್ದರು. ಅದರ ಫಾರ್ಮ್ ತುಂಬಿಸಲು ಕಾಕಾ ಒಂದು ದಿನ ರಜೆ ಹಾಕಿದ್ದರು. ಜನರಲ್ ಬೋಗಿಯಲ್ಲಿ ಹದಿನಾರು ಹುಡುಗರು, ಸ್ಟಿಕ್‌ಗಳೆಲ್ಲ ಸೀಟಿನ ಕೆಳಗೆ. ಕಾಕಾ ರಾತ್ರಿಯೆಲ್ಲ ಬಾಗಿಲ ಹತ್ತಿರ ಕೂತಿದ್ದರು, ಯಾರೂ ಇಳಿದು ಹೋಗಬಾರದು ಅಂತ.

ಲೆಕ್ಕದ_ಮೇಷ್ಟ್ರು · 10:44

ತಿದ್ದುಪಡಿ. 1989ರಲ್ಲಿ ನೈರುತ್ಯ ರೈಲ್ವೆ ಎಲ್ಲಿತ್ತು? ಅದು ಶುರುವಾಗಿದ್ದು 2003ರಲ್ಲಿ. ಆಗ ಹುಬ್ಬಳ್ಳಿ ದಕ್ಷಿಣ ಮಧ್ಯ ರೈಲ್ವೆಯಲ್ಲಿತ್ತು.

ಮೀಟರ್‌ಗೇಜ್ · 10:46

ಆಯ್ತು ಮೇಷ್ಟ್ರೇ. ರೈಲು ಅದೇ, ಹೊಗೆ ಅದೇ.

ಗೋಲಿ_ನಂಬರ್1 · 10:49

ಅದೇ ಟ್ರಿಪ್‌ನಲ್ಲೇ ಅಲ್ವಾ ನಾವು ದೆಹಲಿ ನೆಹರೂ ಕಪ್‌ಗೆ ಸೆಲೆಕ್ಟ್ ಆಗಿದ್ದು?

ಮೀಟರ್‌ಗೇಜ್ · 10:52

ಎಲ್ಲಿಯ ಸೆಲೆಕ್ಟ್? 4-0 ಸೋತು ಬಂದೆವು. ನಾಲ್ಕೂ ನಿನ್ನ ಕಾಲ ಕೆಳಗೇ ಹೋಗಿದ್ದು. ಮರೆತುಬಿಟ್ಟೆಯಾ?

ಗೋಲಿ_ನಂಬರ್1 · 10:53

ಮರೆತಿದ್ದೆ. ನೆನಪಿಸಿದ್ದಕ್ಕೆ ಉಪಕಾರ ಆಯಿತು.

ಸೆಂಟರ್_ಹಾಫ್ · 11:10

ಸೋತಿದ್ದಕ್ಕೆ ಕಾರಣ ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ. ನಾವು ಎರೆಮಣ್ಣಿನಲ್ಲಿ ಆಡಿದವರು. ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಕಾಲಿಗೆ ಎರಡೆರಡು ಕೇಜಿ ಕೆಸರು. ಪ್ರತಿ ವರ್ಷ ದಸರಾ ಹೊತ್ತಿಗೆ ಗರಸು ತಂದು ಹರಡಿ, ನೀರು ಹೊಡೆದು, ರೋಲರ್ ಎಳೆಯುತ್ತಿದ್ದೆವು. ದಿನಾ ಆಟ ಶುರುವಾಗುವ ಮುಂಚೆ ತಲೆಗೆ ಇಪ್ಪತ್ತು ಕಲ್ಲು ಆರಿಸಬೇಕು. ಕಾಕಾ ಎಣಿಸಿಕೊಳ್ಳುತ್ತಿದ್ದರು. ಹತ್ತೊಂಬತ್ತು ಇದ್ದರೆ ವಾಪಸ್ ಕಳಿಸುತ್ತಿದ್ದರು.

ಬೆಂಗಳೂರಿನ ಹಸಿರು ಟರ್ಫ್ ಮೇಲೆ ಬಾಲ್ ಬಂದ ವೇಗ ನೋಡಿ ನಾವು ಕಕ್ಕಾಬಿಕ್ಕಿ. ಸ್ಟಿಕ್ ಕೆಳಗೆ ಇಡುವಷ್ಟರಲ್ಲಿ ಬಾಲ್ ಹಿಂದೆ ಹೋಗಿರುತ್ತಿತ್ತು.

ಗದಗ_ಗಾಳಿ · 11:15

ನಮ್ಮ ದೇಶದ್ದೂ ಇದೇ ಕತೆ ಅಲ್ವಾ? 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದೆವು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಹುಲ್ಲು ಹಾಸಿದರು. ಏಳನೇ ಸ್ಥಾನ. ಹುಲ್ಲು ಬದಲಾಯಿಸಿದರು, ನಮ್ಮ ಕತೆ ಮುಗಿಯಿತು.

ಕೊಡಗಿನ_ಕಾಫಿ · 11:21

ಟರ್ಫ್ ಮೇಲೆ ಎಲ್ಲ ತಪ್ಪು ಹಾಕುವುದು ನಮಗೆ ಚಟ ಆಗಿದೆ. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಕಂಚು ಬಂತಲ್ಲ, ಅದು ಮಣ್ಣಿನ ಮೇಲಾ? ಮಕ್ಕಳಿಗೆ ಚಿಕ್ಕಂದಿನಲ್ಲೇ ಟರ್ಫ್ ಕೊಟ್ಟರೆ ಕಲಿಯುತ್ತಾರೆ.

ಸೆಂಟರ್_ಹಾಫ್ · 11:26

ಕೊಟ್ಟರೆ! ಆ 'ಕೊಟ್ಟರೆ' ಅನ್ನುವುದರಲ್ಲೇ ಎಲ್ಲ ಇದೆ.

ಆದರೆ ಕಾಕಾ ಕೈಕಟ್ಟಿ ಕೂರಲಿಲ್ಲ, ಅದನ್ನು ಹೇಳಬೇಕು. ಬೆಂಗಳೂರಿಂದ ಬಂದ ಮೇಲೆ ಒಂದು ಗೋದಾಮಿನ ಮುಂದಿನ ಸಿಮೆಂಟ್ ಕಟ್ಟೆ ಹುಡುಕಿದರು. ನುಣ್ಣಗೆ ಇತ್ತು. ಭಾನುವಾರ ಬೆಳಿಗ್ಗೆ ಗೋದಾಮು ಮುಚ್ಚಿರುತ್ತದಲ್ಲ, ನಾಲ್ಕು ಕೊಡ ನೀರು ಸುರಿದು, ನಮ್ಮನ್ನು ಸಾಲಾಗಿ ನಿಲ್ಲಿಸಿ ಬಾಲ್ ಬಿಡುತ್ತಿದ್ದರು. ಒಂದೇ ಪಾಠ: ಸ್ಟಿಕ್ ಮೊದಲೇ ನೆಲಕ್ಕೆ, ಸೊಂಟ ಬಗ್ಗಿರಲಿ, ಕೈ ಮುಂದೆ. "ಬಾಲ್ ಬಂದ ಮ್ಯಾಲ ಬಗ್ಗಿದ್ರ ನಮಸ್ಕಾರ ಮಾಡಿದಂಗ ಆಗ್ತದ" ಅನ್ನುತ್ತಿದ್ದರು. ಟರ್ಫ್ ನಮಗೆ ಸಿಕ್ಕಿದ್ದು ಇಷ್ಟೇ, ನಾಲ್ಕು ಕೊಡ ನೀರು.

ಪಕ್ಕದ_ಬೀದಿ · 11:38

ಗೋಲ್ ಹಿಂದಿನ ಹಲಗೆ ವರ್ಕ್‌ಶಾಪಿಂದ ಎತ್ತಿಕೊಂಡು ಬಂದಿದ್ದು ಅಂತ ಆಗ ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಅದು ನಿಜಾನಾ?

ಮೀಟರ್‌ಗೇಜ್ · 11:40

ಸುಳ್ಳು. ರೈಲು ಹಳಿ ಕೆಳಗಿನ ಮರದ ಸ್ಲೀಪರ್ ತೆಗೆದು ಸಿಮೆಂಟಿನದು ಹಾಕುತ್ತಿದ್ದ ಕಾಲ ಅದು. ಹಳೆಯದನ್ನು ಹರಾಜಿಗೆ ಹಾಕುತ್ತಿದ್ದರು. ಕಾಕಾ ಹರಾಜಿನಲ್ಲಿ ತೆಗೆದುಕೊಂಡವರ ಹತ್ತಿರ ಎರಡು ಕೊಂಡು, ಸಾಮಿಲ್‌ನಲ್ಲಿ ಸೀಳಿಸಿದರು. ಗೇಟಿನಲ್ಲಿ ಯಾರಾದರೂ ಕೇಳಿದರೆ ಅಂತ ಆ ರಸೀದಿಯನ್ನು ಟಿಫಿನ್ ಡಬ್ಬಿಯಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. ನಾನು ಕಣ್ಣಾರೆ ನೋಡಿದ್ದೇನೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಚಪಾತಿ ಕೆಳಗೆ.

ಗೋಲಿ_ನಂಬರ್1 · 11:47

ಆ ಹಲಗೆಯ ಸದ್ದು! ಹದಿನೆಂಟು ಇಂಚು ಎತ್ತರ ಇರಬೇಕು ಅಂತ ರೂಲ್. ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಹಿಟ್ ಹಲಗೆಗಿಂತ ಮೇಲೆ ಹೋದರೆ ಗೋಲ್ ಇಲ್ಲ. ಹಾಗಾಗಿ ಎಲ್ಲರೂ ಹಲಗೆಗೇ ಹೊಡೆಯುತ್ತಿದ್ದರು. ಢಬ್ ಅಂತ ಕಾಲೊನಿಯ ಕೊನೆ ಮನೆಗೂ ಕೇಳುತ್ತಿತ್ತು. ನಮ್ಮವ್ವ ಒಲೆ ಮುಂದೆ ಕೂತು ನಾನು ಎಷ್ಟು ಗೋಲ್ ಬಿಟ್ಟೆ ಅಂತ ಎಣಿಸುತ್ತಿದ್ದಳು.

ಕಾಲೊನಿ_ಹುಡುಗಿ · ಭಾನುವಾರ, ಬೆಳಿಗ್ಗೆ 6:30

ರಾತ್ರಿ ಎಲ್ಲರದೂ ಓದಿದೆ. ಕಾಕಾ, ಕಾಕಾ, ಕಾಕಾ. ಅವರ ಹೆಂಡತಿ ಕಾಕುನ ಹೆಸರು ಒಬ್ಬರೂ ಎತ್ತಲಿಲ್ಲವಲ್ಲ!

ಆ ಗಾದಿ ಪ್ಯಾಡ್ ಹೊಲಿದಿದ್ದು ಯಾರು? ಕಾಕು. ಸಂಜೆ ಮೂವತ್ತು ಹುಡುಗರಿಗೆ ಗಿರಮಿಟ್ ಕಲಸಿ ಕೊಡುತ್ತಿದ್ದದ್ದು ಯಾರು? ನಮ್ಮ ಬ್ಯಾಚಿನಲ್ಲಿ ಐದು ಹುಡುಗಿಯರು ಆಡಿದೆವು ಅಂದರೆ ಅದು ಕಾಕು ದೆಸೆಯಿಂದ. ನಮ್ಮಪ್ಪ ಖಡಾಖಂಡಿತ ಬೇಡ ಅಂದಿದ್ದರು. ಕಾಕಾ ಬಂದು ಕೇಳಿದರೂ ಬೇಡ. ಆಮೇಲೆ ಕಾಕು ಬಂದರು. ಹಾಕಿ ಸುದ್ದಿಯನ್ನೇ ಎತ್ತಲಿಲ್ಲ. ಅವ್ವನ ಜೊತೆ ಕೂತು ಶೇಂಗಾ ಸುಲಿದರು. ಮರುದಿನವೂ ಬಂದರು. ಮೂರನೇ ದಿನ ಹೋಗುವಾಗ, "ನಾನೂ ದಿನಾ ಮೈದಾನದಾಗ ಕುಂತಿರ್ತೇನ್ರಿ, ಹುಡುಗಿನ್ನ ನನ್ನ ಜೋಡಿ ಕಳಸ್ರಿ" ಅಂದರು. ಮುಗೀತು.

ಹೇಳಿದ ಹಾಗೆ ಪ್ರತಿದಿನ ಕೂತಿದ್ದರು. ಕಟ್ಟೆ ಮೇಲೆ, ಹೊಲಿಗೆ ಇಟ್ಟುಕೊಂಡು. ನಾಲ್ಕು ವರ್ಷ.

ಎಡಚ · 7:02

ಅಕ್ಕಾ, ನೀವು ಹೇಳಿದ್ದು ಸರಿ. ತಪ್ಪಾಯಿತು.

ರೈಟ್‌ಔಟ್_ಹುಬ್ಳಿ · 7:15

ಒಪ್ಪಿಕೊಂಡೆ. ಏನೇ ಮಾಡಿದರೂ ಇಬ್ಬರ ಹೆಸರಿನಲ್ಲಿ ಮಾಡೋಣ. ಇವತ್ತು ಮಧ್ಯಾಹ್ನ ಕಾಕು ಹತ್ತಿರ ಹೋಗುತ್ತಿದ್ದೇನೆ. ಫೋಟೊ ಕೇಳುತ್ತೇನೆ.

ಲೆಕ್ಕದ_ಮೇಷ್ಟ್ರು · 8:20

ಒಂದು ನೇರ ಪ್ರಶ್ನೆ. ಇಪ್ಪತ್ತೈದು ವರ್ಷದಲ್ಲಿ ಇವರ ಕೈಯಲ್ಲಿ ಕಲಿತು ಭಾರತಕ್ಕೆ ಆಡಿದವರು ಯಾರು?

ಸೆಂಟರ್_ಹಾಫ್ · 8:26

ಯಾರೂ ಇಲ್ಲ. ಅದಕ್ಕೇನೀಗ? ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕವರು ನನಗೆ ಗೊತ್ತಿರುವ ಹಾಗೆ ಆರು ಜನ. ನಾನೂ ಒಬ್ಬ. ನನ್ನ ಮನೆ ನಡೆಯುತ್ತಿರುವುದು ಆ ಗೋಣಿಚೀಲದ ಸ್ಟಿಕ್‌ನಿಂದ. ಮತ್ತೆ ಏನೂ ಆಗದವರೂ ಇದ್ದಾರೆ. ಸಂಜೆ ಎರಡು ತಾಸು ಓಡಿ, ಬೆವರು ಸುರಿಸಿ, ಗಿರಮಿಟ್ ತಿಂದು ಮನೆಗೆ ಹೋದವರು. ಅದೂ ಲೆಕ್ಕಕ್ಕೆ ಬರುತ್ತದೆ ಮೇಷ್ಟ್ರೇ.

ಸುಮ್ನೆ_ನೋಡ್ತೀನಿ · 8:31

ಇದಕ್ಕೆ ಮಾತ್ರ ನನ್ನ ಲೈಕ್.

ಎಡಚ · 9:05

ಕಾಕಾ ಗೋಲ್ ಮುಂದಿನ ಡಿ ಆಕಾರದ ಗೆರೆ ಎಳೆಯುತ್ತಿದ್ದದ್ದು ಯಾರಿಗಾದರೂ ನೆನಪಿದೆಯಾ? ಮೀಟರ್ ಲೆಕ್ಕ ಅವರಿಗೆ ಸೇರುತ್ತಿರಲಿಲ್ಲ, ಎಲ್ಲ ಗಜದಲ್ಲಿ. ಒಂದು ಹಗ್ಗ ಇತ್ತು, ಹದಿನಾರು ಗಜಕ್ಕೆ ಗಂಟು. ನನ್ನನ್ನು ಗೋಲ್ ಕಂಬದ ಹತ್ತಿರ ಹಗ್ಗದ ತುದಿ ಹಿಡಿದು ಕೂರಿಸುತ್ತಿದ್ದರು. ತಾವು ಗಂಟಿನ ಹತ್ತಿರ ಸುಣ್ಣದ ಡಬ್ಬಿ ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದರು. ತಳಕ್ಕೆ ತೂತು ಹೊಡೆದ ಡಾಲ್ಡಾ ಡಬ್ಬಿ. ಒಂದು ಕಂಬದಿಂದ ಕಾಲು ಸುತ್ತು, ಇನ್ನೊಂದು ಕಂಬದಿಂದ ಕಾಲು ಸುತ್ತು, ನಡುವೆ ನಾಲ್ಕು ಗಜ ನೇರ ಗೆರೆ. ಎರಡೂ ಕಮಾನು ಆ ಗೆರೆಗೆ ಬಂದು ಸೇರಬೇಕು. ಅರ್ಧ ಇಂಚು ಹೆಚ್ಚು ಕಡಿಮೆ ಆದರೆ ಕಾಲಿನಿಂದ ಸುಣ್ಣ ಅಳಿಸಿ ಮತ್ತೆ ಶುರು. "ಫಿಟ್ಟರ್ ಅದೀನಪಾ, ಜಾಯಿಂಟ್ ಕೂಡಬೇಕು" ಅನ್ನುತ್ತಿದ್ದರು.

ಮಳೆ ಬಂದರೆ ಅರ್ಧ ತಾಸಿನಲ್ಲಿ ಎಲ್ಲ ತೊಳೆದು ಹೋಗುತ್ತಿತ್ತು, ಆ ಮಾತು ಬೇರೆ.

ರೈಟ್‌ಔಟ್_ಹುಬ್ಳಿ · ಮಧ್ಯಾಹ್ನ 3:50

ಕಾಕು ಮನೆಯಿಂದ ಈಗ ಬಂದೆ. ಫೋಟೊ ಇಲ್ಲ. ಮದುವೆಯದು ಒಂದು, ರಿಟೈರ್ ಆದಾಗ ಹಾರ ಹಾಕಿದ್ದು ಒಂದು. ಮೈದಾನದಲ್ಲಿ ಅವರದು ಒಂದೂ ಇಲ್ಲ. ನಮ್ಮ ತಂಡದ ಗ್ರೂಪ್ ಫೋಟೊ ಇದೆ, ಅದರಲ್ಲಿ ಎಡಗಡೆ ತುದಿಗೆ ಅವರ ಸೈಕಲ್ ಹ್ಯಾಂಡಲ್ ಕಾಣುತ್ತದೆ.

ಆದರೆ ಕಾಕು ಒಂದು ವಹಿ ಕೊಟ್ಟರು. ಅಂಗಡಿಯವರು ಉದ್ರಿ ಬರೆಯುತ್ತಾರಲ್ಲ, ಅಂಥ ಕೆಂಪು ರಟ್ಟಿನ ಉದ್ದ ವಹಿ. ಸ್ಟಿಕ್ ಕೊಟ್ಟ ಲೆಕ್ಕ. ನೆನಪಿದೆಯಲ್ವಾ, ಪ್ರತಿ ಸ್ಟಿಕ್ ಹಿಡಿಕೆ ಮೇಲೆ ಕಾದ ಮೊಳೆಯಿಂದ ನಂಬರ್ ಸುಟ್ಟಿರುತ್ತಿದ್ದರು. ವಹಿಯಲ್ಲಿ ನಂಬರ್, ಹುಡುಗನ ಹೆಸರು, ಕೊಟ್ಟ ದಿನ, ಬಂದ ದಿನ. ಪಕ್ಕದಲ್ಲಿ ರಿಪೇರಿ: 'ತುದಿ ಸೀಳು, ಸುತಳಿ ಕಟ್ಟಿದೆ.' 'ಹಿಡಿಕೆಗೆ ಟ್ಯೂಬ್ ಹಾಕಿದೆ.' '36 ಇಂಚು ಇತ್ತು, ಮೇಲೆ ಕೊಯ್ದು 32 ಮಾಡಿದೆ, ಹುಡುಗ ಗಿಡ್ಡ.'

ಕೆಲವು ಸಾಲಿನಲ್ಲಿ ಬಂದ ದಿನ ಖಾಲಿ. ಅಲ್ಲಿ ಬರೆದಿದ್ದಾರೆ: 'ತಂದೆಗೆ ಗುಂತಕಲ್‌ಗೆ ಬದಲಿ. ಸ್ಟಿಕ್ ಹೋಯಿತು. ಆಡಲಿ.' ಇನ್ನೊಂದು ಕಡೆ: 'ಕೇಳಿದರೆ ಕಳೆದಿದೆ ಅಂದ. ಕಳೆದಿಲ್ಲ. ಆಡಲಿ.' ಹೀಗೆ ಎಣಿಸಿದೆ, ಇಪ್ಪತ್ತಮೂರು 'ಆಡಲಿ' ಇವೆ.

ಗೋಲಿ_ನಂಬರ್1 · 3:58

ಓದುತ್ತಾ ಓದುತ್ತಾ ಕಣ್ಣು ಮಂಜಾಯಿತು ಮಾರಾಯ.

ಗದಗ_ಗಾಳಿ · 4:06

ಹಿಪ್ಪುನೇರಳೆ ಮರದ ಸ್ಟಿಕ್ ಅವು, ಜಲಂಧರ್‌ನಿಂದ ಬರುತ್ತಿದ್ದವು. ಮೇಲೆ ನಾಲ್ಕು ಇಂಚು ಕೊಯ್ದರೆ ಬ್ಯಾಲೆನ್ಸ್ ಹೋಗುತ್ತದೆ, ತಲೆ ಭಾರ ಆಗುತ್ತದೆ. ಮಕ್ಕಳಿಗೆ ಅದು ಒಳ್ಳೆಯದಲ್ಲ.

ಸೆಂಟರ್_ಹಾಫ್ · 4:09

ಮಕ್ಕಳ ಸ್ಟಿಕ್ ಬೇರೆ ಕೊಳ್ಳಲು ದುಡ್ಡು ಎಲ್ಲಿತ್ತು ಸ್ವಾಮಿ? ಕೊಯ್ದ ತುಂಡನ್ನೂ ಬಿಸಾಡುತ್ತಿರಲಿಲ್ಲ. ಮತ್ತೊಂದು ಸ್ಟಿಕ್‌ಗೆ ಚೆಕ್ಕೆ ಕೂರಿಸಲು ಬೇಕಾಗುತ್ತಿತ್ತು.

ಲೆಕ್ಕದ_ಮೇಷ್ಟ್ರು · 4:30

ಕಪ್ ಮಾತು ನಾನು ವಾಪಸ್ ತೆಗೆದುಕೊಳ್ಳುತ್ತೇನೆ. ಆ ವಹಿಯನ್ನೇ ಮುಂದುವರಿಸೋಣ. ಸ್ಟಿಕ್ ಕೊಳ್ಳೋಣ, ನಂಬರ್ ಹಾಕೋಣ, ಮಕ್ಕಳಿಗೆ ಕೊಡೋಣ, ಬರೆದಿಡೋಣ. ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಆದರೆ ಕಟ್ಟುನಿಟ್ಟು ಇರಲಿ, ವಾಪಸ್ ಬರದಿದ್ದರೆ ದಂಡ.

ಕಾಲೊನಿ_ಹುಡುಗಿ · 4:33

ದಂಡನಾ? ಮೇಷ್ಟ್ರೇ, ವಹಿ ಓದಿದಿರಾ ಇಲ್ವಾ?

ಲೆಕ್ಕದ_ಮೇಷ್ಟ್ರು · 4:36

ಸರಿ. ದಂಡ ಬೇಡ.

ಕೊಡಗಿನ_ಕಾಫಿ · 5:10

ನನ್ನ ಮಗಳು ಬಿಟ್ಟ ಜೂನಿಯರ್ ಸ್ಟಿಕ್ ಮೂರು ಇವೆ. ವಿಳಾಸ ಕೊಡಿ, ಬಸ್ಸಿಗೆ ಹಾಕುತ್ತೇನೆ.

ಪಕ್ಕದ_ಬೀದಿ · ರಾತ್ರಿ 11:52

ವಹಿಯಲ್ಲಿ 41ನೇ ನಂಬರ್ ನೋಡಿ.

ರೈಟ್‌ಔಟ್_ಹುಬ್ಳಿ · 11:55

ನೋಡಿದೆ. 'ಕೇಳಿದರೆ ಕಳೆದಿದೆ ಅಂದ.' ನೀವಾ?

ಪಕ್ಕದ_ಬೀದಿ · 11:59

ಹೌದು. ಅಟ್ಟದ ಮೇಲಿದೆ. ಎರಡು ಮನೆ ಬದಲಾಯಿಸಿದರೂ ಜೊತೆಗೇ ತಂದೆ. ತುದಿ ಸೀಳಿದೆ, ಆಡಲು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಮುಂದಿನ ಭಾನುವಾರ ತರಲಾ?

ರೈಟ್‌ಔಟ್_ಹುಬ್ಳಿ · 12:01

ತನ್ನಿ. ಸುತಳಿ ನಾನು ತರುತ್ತೇನೆ.